ಕಾಯಿಲೆ ಅವರದು, ಹರಕೆ ಇವರದು, ಕೂದಲು ನನ್ನದು

ಕೂದಲ ತುದಿ ಸೀಳಿತ್ತು. ಒಂಚೂರು ಟ್ರಿಮ್ ಮಾಡಿಸಿಕೊಂಡು ಬರೋಣ ಅಂತ ಶನಿವಾರ ಸಂಜೆ ಪರ್ಸ್ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದೆ. ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ತಲೆ ಎತ್ತದೆ ಕೇಳಿದರು.

"ಎಲ್ಲಿಗೆ?"

"ಪಾರ್ಲರ್‌ಗೆ ಅತ್ತೆ. ತುದಿ ಕಟ್ ಮಾಡಿಸ್ಕೊಂಡು ಬಂದ್ಬಿಡ್ತೀನಿ."

"ಕತ್ತರಿ ತಾಗಿಸ್ಬೇಡ ಕಣಮ್ಮ. ಅದು ನಿನ್ದಲ್ಲ."

ನನ್ನ ತಲೆಯ ಮೇಲಿರುವ ಕೂದಲು ನನ್ನದಲ್ಲವೆ? ಮತ್ತೆ ಯಾರದು?

"ವೆಂಕಟರಮಣಸ್ವಾಮೀದು" ಅಂದವರೇ ಇನ್ನೊಂದು ಕಾಯಿ ಸುಲಿದರು.

ವಿಷಯ ಇಷ್ಟು. ಹೋದ ಮಳೆಗಾಲದಲ್ಲಿ ನಮ್ಮ ಯಜಮಾನರಿಗೆ ಡೆಂಗೀ ಆಗಿತ್ತು. ಪ್ಲೇಟ್‌ಲೆಟ್ ದಿನದಿನಕ್ಕೆ ಇಳಿಯುತ್ತಿತ್ತು. ನಾನು ರಿಪೋರ್ಟ್ ಹಿಡಿದು ಡಾಕ್ಟರ ಹಿಂದೆ ಓಡಾಡುತ್ತಿದ್ದರೆ, ಅತ್ತೆ ಆಸ್ಪತ್ರೆಯ ಕಾರಿಡಾರಿನಲ್ಲಿ ಪೂರ್ವಕ್ಕೆ ತಿರುಗಿ ಕೈ ಮುಗಿದಿದ್ದರು. (ತಿರುಪತಿ ಯಾವ ದಿಕ್ಕಿಗಿದೆ ಅಂತ ಕೋಲಾರದವರು ಮ್ಯಾಪ್ ನೋಡಬೇಕಾಗಿಲ್ಲ.) ಮಗ ಎದ್ದು ಕೂತರೆ ಸೊಸೆಯ ಮುಡಿ ಕೊಡುತ್ತೇನೆ, ಪೂರ್ತಿ ಕೊಡುತ್ತೇನೆ ಎಂದು ಬೇಡಿಕೊಂಡಿದ್ದರು. ಮಗ ಎದ್ದು ಕೂತರು. ಮನೆಗೂ ಬಂದರು. ಹರಕೆಯ ವಿಷಯ ಮಾತ್ರ ನನ್ನ ಕಿವಿಗೆ ಬಿದ್ದದ್ದು ಈ ಅವರೆಕಾಯಿ ಕಾಲಕ್ಕೆ.

"ಕಾಯಿಲೆ ನಿಮ್ಮ ಮಗನಿಗೆ, ಹರಕೆ ನಿಮ್ದು, ಕೂದಲು ಮಾತ್ರ ನನ್ದಾ ಅತ್ತೆ?"

ನನ್ನ ದನಿ ಸ್ವಲ್ಪ ಏರಿತ್ತು. ಅವರದು ಏರಲೇ ಇಲ್ಲ.

"ನನ್ ಮಗ ಸೀನನ ತಲೇಲಿ ಏನೈತೆ ಕೊಡಕ್ಕೆ? ನನ್ದು ನೋಡು, ಇಲಿ ಬಾಲ. ದೇವರಿಗೆ ಕೊಡೋವಾಗ ಒಳ್ಳೇದು ಕೊಡಬೇಕಲ್ವಾ? ಈ ಮನೇಲಿ ಕೂದಲು ಅಂತ ಇರೋದು ನಿನ್ದೇ."

ಜಗಳಕ್ಕೆ ಸಿದ್ಧವಾಗಿದ್ದವಳು ಅಲ್ಲೇ ನಿಂತುಬಿಟ್ಟೆ. ಯಾಕೆ ಗೊತ್ತೆ? ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನನ್ನ ಕೂದಲಿಗೆ ಅತ್ತೆ ಇಟ್ಟ ಹೆಸರು 'ಪೊದೆ'. ನನ್ನದು ಗುಂಗುರು ಕೂದಲು. ದಟ್ಟ. ಎತ್ತ ಬಾಚಿದರೂ ತನಗೆ ಬೇಕಾದ ಕಡೆಗೇ ಹೋಗುವಂಥದ್ದು. "ಈ ಪೊದೆ ಬಾಚಕ್ಕೆ ಇಬ್ಬರು ಆಳು ಬೇಕು" ಎನ್ನುತ್ತಿದ್ದರು. ಸಾರಿನಲ್ಲಿ ಕೂದಲು ಸಿಕ್ಕರೆ ವಿಚಾರಣೆಯೇ ಇಲ್ಲ, ಸುರುಳಿ ನೋಡಿದ ಕೂಡಲೇ ತೀರ್ಪು. ಅಂಥವರ ಬಾಯಲ್ಲಿ ಮೊದಲ ಸಲ ಹೊಗಳಿಕೆ ಬಂತು. ಅದೂ ಬೋಳಿಸುವುದಕ್ಕೆ!

ಆ ಪೊದೆಗೆ ನಾನು ಮಾಡಿಸಿದ್ದು ಒಂದೆರಡಲ್ಲ. ಆರತಕ್ಷತೆಯ ದಿನ ಪಾರ್ಲರಿನವರು ಇಸ್ತ್ರಿ ಮಾಡಿದ ಹಾಗೆ ಎಳೆದು ನೆಟ್ಟಗೆ ಮಾಡಿದ್ದರು. ಆಲ್ಬಮ್ಮಿನಲ್ಲಿ ನನ್ನ ಗಂಡನ ಪಕ್ಕ ಯಾರೋ ಬೇರೆ ಹುಡುಗಿ ನಿಂತಂತಿದೆ. ಆಮೇಲೆ ಸ್ಮೂದನಿಂಗ್, ಸೀರಮ್ಮು, ಸ್ಪಾ. ಸುಟ್ಟ ವಾಸನೆಯೊಂದೇ ಉಳಿದದ್ದು. ಕೊನೆಗೆ ಸುಸ್ತಾಗಿ ಎಲ್ಲ ಬಿಟ್ಟೆ. ಅಗಲ ಹಲ್ಲಿನ ಬಾಚಣಿಗೆ ತಂದೆ. ಒದ್ದೆಯಿದ್ದಾಗ ಮಾತ್ರ ಬಾಚುವುದು, ಟವೆಲ್ಲಿನಲ್ಲಿ ತಿಕ್ಕುವ ಬದಲು ಯಜಮಾನರ ಹಳೆ ಬನಿಯನ್ ಸುತ್ತಿಕೊಳ್ಳುವುದು. ನಮ್ಮ ಕಡೆಯ ಬೋರ್‌ವೆಲ್ ನೀರು ನಿಮಗೆ ಗೊತ್ತೇ ಇದೆ, ಬಕೆಟ್ಟಿನ ಅಂಚಿಗೆ ಬಿಳಿ ಪರೆ ಕಟ್ಟುತ್ತದೆ. ಅದೇ ಪರೆ ತಲೆಯಲ್ಲೂ ಕಟ್ಟದಿರುತ್ತದೆಯೆ? ಅದಕ್ಕೆ ಕೊನೆಯ ಎರಡು ಚೊಂಬು ಮಾತ್ರ ಫಿಲ್ಟರ್ ನೀರು ಹಾಕಿಕೊಳ್ಳತೊಡಗಿದೆ.

ಅಷ್ಟಕ್ಕೇ ಮನೆಯಲ್ಲಿ ರಾಮಾಯಣ. "ಕುಡಿಯೋ ನೀರು ತಲೆಗಾ? ಕ್ಯಾನ್ ಹೊತ್ಕೊಂಡು ಬರೋರಿಗೆ ಗೊತ್ತು ಕಷ್ಟ" ಎಂದು ಅತ್ತೆ ಗೊಣಗುತ್ತಿದ್ದರು. (ಹೊತ್ತು ತರುತ್ತಿದ್ದದ್ದು ನಾನೇ, ಸ್ಕೂಟರಿನಲ್ಲಿ.)

ಹರಕೆಯ ವಿಷಯ ಬಯಲಾದ ಮೇಲೆ ಎಲ್ಲ ತಲೆಕೆಳಗಾಯಿತು. ಮುಂದಿನ ವಾರ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಕರಿಬೇವಿನ ಘಮ. ಒಗ್ಗರಣೆ ಅಂದುಕೊಂಡೆ. ಅಲ್ಲ, ಕೊಬ್ಬರಿ ಎಣ್ಣೆಗೆ ಕರಿಬೇವು, ಮೆಂತ್ಯ ಹಾಕಿ ಕಾಯಿಸುತ್ತಿದ್ದಾರೆ. ಸುಗಟೂರಿನ ತಮ್ಮನ ಮನೆಯಿಂದ ಸೀಗೆಕಾಯಿ ತರಿಸಿದ್ದಾರೆ. ಕಾಂಪೌಂಡಿನ ದಾಸವಾಳದ ಎಲೆ ಅರೆದು ಬಟ್ಟಲಿಗೆ ಹಾಕಿಟ್ಟಿದ್ದಾರೆ. ಆ ಗಿಡ ನಾನು ಈ ಮನೆಗೆ ಬಂದಾಗಿನಿಂದ ಅಲ್ಲೇ ಇದೆ. ಮೆಂತ್ಯದ ಡಬ್ಬಿಯೂ ಅದೇ ಶೆಲ್ಫಿನಲ್ಲಿದೆ.

"ಕೂತ್ಕೋ" ಎಂದರು. ಕೂತೆ.

ಹರಕೆ ಹೊತ್ತ ಮುಡಿಗೆ ನಮ್ಮಲ್ಲಿ ಕತ್ತರಿ ಸೋಕಿಸುವುದಿಲ್ಲ. ಅತ್ತೆ ಅದಕ್ಕೆ ತಮ್ಮದೇ ಕಾನೂನುಗಳನ್ನು ಸೇರಿಸಿದರು. ಶಾಂಪೂ ಬಂದ್. ಡ್ರೈಯರ್ ಬಂದ್. "ಹೆಲ್ಮೆಟ್ ಹಾಕ್ಕೊಳೋ ಮೊದ್ಲು ಬಟ್ಟೆ ಕಟ್ಕೋ, ಸಿಕ್ಕಾಗ್ತೈತೆ." ಕೊನೆಯ ಚೊಂಬಿಗೆ ಫಿಲ್ಟರ್ ನೀರನ್ನು ಅವರೇ ಬಚ್ಚಲ ಬಾಗಿಲಿಗೆ ತಂದಿಟ್ಟರು. ಎರಡು ಚೊಂಬಲ್ಲ, ಒಂದು ಬಕೆಟ್!

ನನ್ನದಾಗಿದ್ದಾಗ ಪೊದೆ, ದೇವರದಾದ ಮೇಲೆ ಮುಡಿ.

ಕೂದಲು ಚೆನ್ನಾಗಾಯಿತು. ಸುಳ್ಳು ಹೇಳುವುದಿಲ್ಲ, ಯಾವ ಪಾರ್ಲರಿನಲ್ಲೂ ಅಷ್ಟು ಚೆನ್ನಾಗಿ ಆಗಿರಲಿಲ್ಲ. ಸುರುಳಿಗಳು ಬಿಡಿಬಿಡಿಯಾಗಿ ಇಳಿದವು. ಆಫೀಸಿನಲ್ಲಿ "ಏನ್ ಹಚ್ತೀರಾ ಮೇಡಂ?" ಎಂದು ಕೇಳತೊಡಗಿದರು. ನನಗೋ ಒಳಗೊಳಗೇ ಭಯ. ಚೆನ್ನಾದಷ್ಟೂ ಭಯ. ಬೋಳು ತಲೆಯಲ್ಲಿ ಆಫೀಸಿನ ಕೌಂಟರಿನ ಹಿಂದೆ ಕೂತ ನನ್ನನ್ನು ನೆನೆಸಿಕೊಂಡು ನಿದ್ದೆ ಬರುತ್ತಿರಲಿಲ್ಲ. ಹೂಂ ಅಂದರೆ ಕೂದಲು ಹೋಯಿತು. ಊಹೂಂ ಅಂದರೆ? ನಾಳೆ ಇವರಿಗೊಂದು ನೆಗಡಿಯಾದರೂ ಅದಕ್ಕೆ ನನ್ನ ತಲೆಯೇ ಹೊಣೆ. ಅತ್ತೆಯ ಹೆದರಿಕೆ ನಾಟಕವೇನಲ್ಲ. ಮಗ ಸೀನಿದರೆ ಇವತ್ತಿಗೂ ಅವರ ಕೈ ಎದೆಗೆ ಹೋಗುತ್ತದೆ. ಅದನ್ನು ನೋಡಿಯೂ 'ಕೊಡಲ್ಲ' ಅನ್ನುವುದು ಹೇಗೆ?

ಪಕ್ಕದ ಮನೆಯ ನಸೀಮಾ ಮಾತ್ರ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ಲಕ್ಕಾ, ನಮ್ಮತ್ತೆ ನನ್ನ ಬಳೆ ಕೊಟ್ಬಿಟ್ಟಿದಾರೆ, ಸೀರೆ ಕೊಟ್ಬಿಟ್ಟಿದಾರೆ. ತಲೆ ಕೊಟ್ಟಿಲ್ಲ, ಖುದಾಕಾ ಶುಕರ್!"

ಯಜಮಾನರನ್ನು ಕೇಳಿದೆ. ಪೇಪರಿನಿಂದ ಮುಖ ತೆಗೆಯದೆ, "ಅಮ್ಮ ನೊಂದ್ಕೊಳ್ತಾರೆ ಕಣೇ. ಕೂದಲು ತಾನೆ, ಬೆಳೆಯುತ್ತೆ ಬಿಡು" ಅಂದರು. ಎಡಗಿವಿಯ ಮೇಲಿನ ನಾಲ್ಕೆಳೆಯನ್ನು ದಿನವೂ ಕನ್ನಡಿ ಮುಂದೆ ನಿಂತು ಬಲಗಿವಿಯವರೆಗೆ ಸಾಗಿಸುವ ಮನುಷ್ಯ ಆಡುವ ಮಾತೆ ಇದು?

ಬೇಸಿಗೆ ಶುರುವಿಗೆ ತಿರುಪತಿಗೆ ಹೊರಟೆವು. ಮುಳಬಾಗಿಲಿನಲ್ಲಿ ಇಳಿದು ದೋಸೆ ತಿಂದೆವು. ತುಪ್ಪ ಸುರಿಯುವ ದೋಸೆ, ನನ್ನದರಲ್ಲಿ ಅರ್ಧ ಯಜಮಾನರ ತಟ್ಟೆಗೆ ಹೋಯಿತು. ಮತ್ತೆ ಬಸ್ಸು ಹತ್ತಿದ ಮೇಲೆ ತೀರ್ಮಾನಿಸಿದೆ. ಬೆಟ್ಟದ ಮೇಲೆ ಹೆಂಗಸರಿಗೆ ಮೂರು ಕತ್ತರಿ ಅಂತ ಉಂಟು, ತುದಿಯಲ್ಲಿ ಮೂರು ಸಲ ಕತ್ತರಿಸಿದರೂ ಮುಡಿ ಕೊಟ್ಟಂತೆಯೇ. ಅಷ್ಟೇ ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳುವುದು. ಅತ್ತೆ ಅತ್ತರೆ ಅಳಲಿ. ನಾನೂ ಅತ್ತರಾಯಿತು.

ಮುಡಿ ತೆಗೆಯುವಲ್ಲಿ ನೆಲದ ಮೇಲೆ ಕೂತೆ. ಬೆಳಿಗ್ಗೆ ತಾವೇ ಹೆಣೆದ ಜಡೆಯನ್ನು ಅತ್ತೆ ಹಿಂದೆ ನಿಂತು ಬಿಚ್ಚತೊಡಗಿದರು. ಬಿಚ್ಚಿಯೇ ಬಿಚ್ಚಿದರು. ಸಿಕ್ಕೇ ಇಲ್ಲದ ಕಡೆ ಬೆರಳಾಡಿಸಿ ಸಿಕ್ಕು ಬಿಡಿಸಿದರು. ಹಿಂದಿನ ಸಾಲಿನವರು ಲೊಚಗುಟ್ಟುತ್ತಿದ್ದರು.

ಮುಡಿ ತೆಗೆಯುವ ಹೆಂಗಸು ತೆಲುಗಿನಲ್ಲಿ ಕೇಳಿದಳು. "ಗುಂಡಾ? ಮೂಡು ಕತ್ತೆರ್ಲಾ?" ಪೂರ್ತಿ ಬೋಳಿಸುವುದೋ, ಮೂರು ಕತ್ತರಿಯೋ ಅಂತ.

ನಾನು ಬಾಯಿ ತೆರೆದೆ. ನನಗಿಂತ ಮೊದಲೇ ಹಿಂದಿನಿಂದ ದನಿ ಬಂತು.

"ಮೂಡು ಕತ್ತೆರ್ಲೇ ಚಾಲಮ್ಮಾ."

ಮೂರು ಕತ್ತರಿ ಸಾಕಂತೆ! ತಿರುಗಿ ನೋಡಿದೆ. ಅತ್ತೆ ನನ್ನ ಕಡೆ ನೋಡದೆ ಗೋಡೆಗೆ ಹೇಳುವವರಂತೆ ಹೇಳಿದರು. "ಇಷ್ಟು ದಿನ ಸಾಕಿದೀನಿ. ಮನಸ್ಸು ಬರಾಕಿಲ್ಲ. ಸ್ವಾಮಿಗೇನು, ದಿನಾ ಬೇಕಾದಷ್ಟು ಬರ್ತೈತೆ."

ನನ್ನ ಕಣ್ಣು ತುಂಬಿತು. ಕೂದಲು ಉಳಿದದ್ದಕ್ಕೋ, ಅವರು ಹಾಗೆ ಅಂದದ್ದಕ್ಕೋ, ಈಗಲೂ ಗೊತ್ತಿಲ್ಲ.

ಆದರೆ ಪೂರ್ತಿ ಕೊಡುತ್ತೇನೆ ಎಂದ ಮಾತು? ಅದನ್ನು ಬಿಡುವವರಲ್ಲ ನಮ್ಮತ್ತೆ. ಸೀದಾ ಆಚೆ ಹೋದರು. ಬ್ಯಾಗು ಕಾಯುತ್ತಿದ್ದ ಮಗನ ಕೈಯಿಂದ ಬ್ಯಾಗು ಕಿತ್ತುಕೊಂಡು, "ಹೋಗೋ, ಗಂಡಸರ ಸಾಲಲ್ಲಿ ನಿಂತ್ಕೋ. ನಿನ್ನ ಜೀವಕ್ಕೆ ಹೊತ್ತಿದ್ದು, ಬಾಕೀದು ನೀನೇ ಕೊಡು" ಅಂದರು.

ಯಜಮಾನರ ಕೈ ತಾನಾಗಿ ಆ ನಾಲ್ಕೆಳೆಗೆ ಹೋಯಿತು. ನನ್ನ ಮುಖ ನೋಡಿದರು.

"ಕೂದಲು ತಾನೆ ರೀ, ಬೆಳೆಯುತ್ತೆ ಬಿಡಿ" ಅಂದೆ.

ಬೋಳು ತಲೆಗೆ ಗಂಧ ಹಚ್ಚಿಕೊಂಡು ಬಂದಾಗ ಗುರುತೇ ಸಿಗಲಿಲ್ಲ. ಎಷ್ಟು ಲಕ್ಷಣವಾಗಿ ಕಾಣುತ್ತಿದ್ದರು ಅಂತೀರಿ! ಈಗ ಅವರು ಅದನ್ನೇ ಮುಂದುವರಿಸಿದ್ದಾರೆ. ಕನ್ನಡಿ ಮುಂದೆ ನಿಲ್ಲುವ ಹೊತ್ತು ಉಳಿಯಿತು, ಕೂದಲಿಗೆ ಹಚ್ಚುವ ಬಣ್ಣದ ಖರ್ಚು ಉಳಿಯಿತು. ಇದಕ್ಕಿಂತ ಅಗ್ಗದ ಸ್ಟೈಲ್ ಇನ್ನೊಂದಿದೆಯೆ?

ನನ್ನ ತಲೆಯಲ್ಲಿ ಬೇರೆ ಯೋಚನೆ. ಮದುವೆಯಲ್ಲಿ ಫೋಟೋದವನಿಗೋಸ್ಕರ ಕೂದಲು ನೆಟ್ಟಗಾಯಿತು, ಆಫೀಸಿಗೋಸ್ಕರ ಬಿಗಿ ಗಂಟಾಯಿತು, ದೇವರಿಗೋಸ್ಕರ ಎಣ್ಣೆ ಕಂಡಿತು. ನಮಗೋಸ್ಕರ ಅಂತ ಯಾವತ್ತು? ಮೆಂತ್ಯ ಡಬ್ಬಿಯಲ್ಲಿತ್ತು, ದಾಸವಾಳ ಕಾಂಪೌಂಡಿನಲ್ಲಿತ್ತು. ಸೈಟಿನ ಖಾತೆ ಯಾರ ಹೆಸರಲ್ಲಿದೆ ಅಂತ ಆಗಾಗ ತೆಗೆಸಿ ನೋಡುತ್ತೇವೆ. ತಲೆಯ ಖಾತೆ?

ಬೆಟ್ಟದಿಂದ ಬಂದ ಮೇಲಿನ ಮೊದಲ ಭಾನುವಾರ. ದೇವರ ಪಾಲು ಮುಗಿಯಿತಲ್ಲ, ಇನ್ನು ಅತ್ತೆ ಯಾಕೆ ಬರುತ್ತಾರೆ ಅಂದುಕೊಂಡು ನಾನೇ ಬಾಚಣಿಗೆ ಹಿಡಿದು ರೂಮಿನಲ್ಲಿ ಕೂತಿದ್ದೆ. ಅಡುಗೆಮನೆಯಿಂದ ಕರಿಬೇವಿನ ಘಮ ಬಂತು. ಹಿಂದೆಯೇ ಕೂಗು.

"ಏ, ಎಲ್ಲೋದೆ? ಆ ಪೊದೆ ಇಲ್ಲಿ ತಗೊಂಡ್ ಬಾ. ಎಣ್ಣೆ ಆರೋಗ್ತೈತೆ."

ನನ್ನದೇ ಪೊದೆ, ನನ್ನ ತಲೆಯ ಮೇಲೆಯೇ ಇತ್ತು. ತಗೊಂಡು ಹೋಗುವುದಕ್ಕೆ ಕಷ್ಟವೇನು?