ಬಾತುಕತ್ತಿನ ಬಣ್ಣ

ಲಾಯ್ ಮಾರುವುದು ಉಪ್ಪು ಬೂದಿ ಮೆತ್ತಿದ ಬಾತುಮೊಟ್ಟೆ, ನಾನು ಮಾರುವುದು ಒಣಮೀನು. ಸಾ ದೆಕ್ ಊರಾಚೆ ಕಾಲುವೆದಂಡೆಯ ಮಾರುಕಟ್ಟೆಯಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಜಾಗ. ನನ್ನ ಮೀನಿನ ವಾಸನೆಯನ್ನು ಅವಳು ಸಹಿಸಿಕೊಂಡಿದ್ದಾಳೆ, ಅವಳ ಬಾಯಿಯನ್ನು ನಾನು ಸಹಿಸಿಕೊಂಡಿದ್ದೇನೆ. ಹಾಗಾಗಿ ಸ್ನೇಹ ಗಟ್ಟಿಯಾಗಿದೆ.

ಬಾಯಿ ಎಂದರೆ ಅಂತಿಂಥ ಬಾಯಲ್ಲ. ಗಿರಾಕಿ ಯಾರಾದರೂ ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, "ಏನಮ್ಮಾ, ಒಳಗಿಂದ ಯಾರಾದ್ರೂ ಮಾತಾಡ್ಸಿದ್ರಾ?" ಎಂದು ಕೇಳಿಯೇಬಿಡುತ್ತಾಳೆ. ಪೊಲೀಸಿನವನು ಬಂದು ಬುಟ್ಟಿ ಒಳಗೆ ಸರಿಸು ಎಂದರೆ, "ನಿಮ್ಮ ಹೊಟ್ಟೆ ಸ್ವಲ್ಪ ಒಳಗೆ ಸರಿಸ್ಕೊಳ್ಳಿ ಸ್ವಾಮಿ, ದಾರಿ ತಾನಾಗೇ ಅಗಲ ಆಗತ್ತೆ" ಎನ್ನುತ್ತಾಳೆ. ಇಂಥ ಹೆಂಗಸು ಒಂದೇ ಒಂದು ವಿಷಯ ಬಂದಾಗ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಹಿಂದೆ ಸರಿಯುತ್ತಿದ್ದಳು. ಅದು ಬೋಣಿ.

ಅವಳ ಕೈಗುಣ ಕೆಟ್ಟದ್ದು ಎಂಬುದು ಮಾರುಕಟ್ಟೆಯಲ್ಲಿ ಎಂದೋ ತೀರ್ಮಾನವಾಗಿಹೋದ ಮಾತು. ವಯಸ್ಸಿನಲ್ಲಿದ್ದಾಗ ಹೊಸದಾಗಿ ತೆರೆದ ಬಟ್ಟೆ ಅಂಗಡಿಯಲ್ಲಿ ಅವಳೇ ಮೊದಲು ರವಿಕೆ ಬಟ್ಟೆ ಕೊಂಡಳಂತೆ. ಅದೇ ಸಂಜೆ ಬಿರುಗಾಳಿಗೆ ಅಂಗಡಿಯ ತಗಡು ಹಾರಿಹೋಯಿತು. ಆ ಗಾಳಿಗೆ ಇನ್ನೂ ನಾಲ್ಕಾರು ಅಂಗಡಿಗಳ ತಗಡು ಹಾರಿತ್ತು, ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಮುಂದೆ ಶಾವಿಗೆ ಸಾರಿನ ಗಾಡಿಯಲ್ಲಿ ಅವಳು ಮೊದಲ ಬಟ್ಟಲು ತಿಂದ ದಿನ ಪಾತ್ರೆ ತೂತಾಯಿತು. ಅಲ್ಲಿಗೆ ಮುಗಿಯಿತು. ಬೆಳಗ್ಗೆ ಅವಳು ಸೊಪ್ಪಿನ ಅಂಗಡಿಯ ಕಡೆ ಹೊರಟರೆ ಸಾಕು, "ಲಾಯಕ್ಕಾ, ಇನ್ನೂ ಬೋಣಿ ಆಗಿಲ್ಲ ಕಣಕ್ಕಾ, ಒಂದು ಗಳಿಗೆ ಬಿಟ್ಟು ಬಾ" ಎಂದು ದೂರದಿಂದಲೇ ಕೈ ಜೋಡಿಸುತ್ತಿದ್ದರು. ಅವಳೂ ನಗುತ್ತಲೇ ವಾಪಸಾಗುತ್ತಿದ್ದಳು. ಮೊದಮೊದಲು ಅದು ಬರೀ ನಗು. ವರ್ಷಗಳು ಕಳೆದಂತೆ ಅವಳೂ ಅದನ್ನು ನಂಬತೊಡಗಿದಳು. ನನಗೆ ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

ಲಾಯಳ ಮೂವರು ಮಕ್ಕಳಲ್ಲಿ ಹಿರಿಯವಳು ಯೆಮ್. ಓದು ಹತ್ತಲಿಲ್ಲ, ಮೊಟ್ಟೆಗೆ ಬೂದಿ ಮೆತ್ತುವುದು ಬೇಡವೇ ಬೇಡ ಎಂದಳು. ಊರೊಳಗಿನ ಒಬ್ಬ ಹೆಂಗಸಿನ ಹತ್ತಿರ ಉಗುರಿಗೆ ಬಣ್ಣ ಹಾಕುವ ಕೆಲಸ ಕಲಿಯಲು ಸೇರಿದಳು. ಆ ಕೆಲಸ ಕಲಿಯುವವರಿಗೆ ಬಣ್ಣಕ್ಕಿಂತ ಮೊದಲು ಬೇಕಾದದ್ದು ಬೇರೆಯವರ ಕೈ. ಕಲಿಯುವವರ ಮುಂದೆ ಕೈ ಚಾಚಿ ಕೂರಲು ಯಾರಿಗೆ ಪುರುಸೊತ್ತು? ಲಾಯ್ ಕೂತಳು.

ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಬುಟ್ಟಿಗಳ ನಡುವೆಯೇ ಅಭ್ಯಾಸ ನಡೆಯುತ್ತಿತ್ತು. ಬೂದಿ ಕೆದಕಿ ಕೆದಕಿ ಲಾಯಳ ಉಗುರು ಆಮೆಚಿಪ್ಪಿನ ಹಾಗೆ ದಪ್ಪಗಾಗಿ ಗೀರು ಬಿದ್ದಿತ್ತು, ಸುತ್ತಲಿನ ಚರ್ಮವಂತೂ ಚಪ್ಪಲಿಯ ಅಟ್ಟೆ. ಯೆಮ್ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಪುಟ್ಟ ಕತ್ತರಿಯನ್ನು ಒತ್ತಿ ಹಿಡಿದು ಉಗುರಿನ ಬುಡದ ಚರ್ಮ ಕತ್ತರಿಸಿ ತೆಗೆಯುತ್ತಿದ್ದಳು. ಆಮೇಲೆ ಬಣ್ಣ. ಒಂದು ದಿನ ಬೆಳ್ಳಿ ಮಿನುಗು, ಮರುದಿನ ಚಿನ್ನದ ಪುಡಿ, ಇನ್ನೊಂದು ದಿನ ಹಲ್ಲುಕಡ್ಡಿಯ ತುದಿಯಿಂದ ಹೂವಿನ ಚಿತ್ತಾರ.

"ಇದೇನೇ ಇದು, ಈರುಳ್ಳಿನಾ?"

"ತಾವರೆ ಅಮ್ಮಾ."

"ಹಾಗಾದ್ರೆ ತಾವರೆಗೆ ಹುಷಾರಿಲ್ಲ ಬಿಡು."

ನಾನು ಬಗ್ಗಿ ನೋಡಿದೆ. ನನಗೂ ಅದು ಈರುಳ್ಳಿಯಾಗಿಯೇ ಕಂಡಿತು. ಮಿನುಗಿನ ಪುಡಿ ಮೊಟ್ಟೆಗೆ ಅಂಟಿ, ಮೊಟ್ಟೆಯಿಂದ ನನ್ನ ಮೀನಿಗೆ ಅಂಟಿ, ಒಬ್ಬ ಗಿರಾಕಿ ಇದು ಯಾವ ಜಾತಿ ಮೀನು ಎಂದು ಕೇಳುವವರೆಗೆ ಹೋಯಿತು. "ಹಬ್ಬದ ಮೀನು" ಎಂದೆ. ಆರು ತಿಂಗಳಲ್ಲಿ ಈರುಳ್ಳಿ ತಾವರೆಯಾಯಿತು. ಹೂವಿನ ದಳಗಳು ಹೇಗೆ ಬಂದವೆಂದರೆ, ಮೊಟ್ಟೆ ಕೊಳ್ಳಲು ಬಂದವರು ಮೊಟ್ಟೆಯನ್ನೇ ಮರೆತು ಲಾಯಳ ಕೈ ಹಿಡಿದು ನಿಲ್ಲುತ್ತಿದ್ದರು.

ನಮ್ಮ ಸಾಲಿನ ಕೊನೆಯಲ್ಲಿ ಒಂದು ಜಾಗ ಖಾಲಿಯಾದಾಗ ಯೆಮ್ ಅಲ್ಲೇ ಕೂರುವುದೆಂದು ನಿಶ್ಚಯವಾಯಿತು. ಎರಡು ಪ್ಲಾಸ್ಟಿಕ್ ಸ್ಟೂಲು, ಒಂದು ಛತ್ರಿ, ಬಣ್ಣದ ಸೀಸೆಗಳ ಬುಟ್ಟಿ, ಇಷ್ಟೇ ಅಂಗಡಿ. ಪಂಚಾಂಗ ನೋಡಿ ದಿನವೂ ಗೊತ್ತಾಯಿತು. ಆ ದಿನದಿಂದ ಲಾಯಳಿಗೆ ಒಂದೇ ಚಿಂತೆ, ಬೋಣಿ ಯಾರ ಕೈಯಲ್ಲಿ ಮಾಡಿಸುವುದು? ಮೊದಲ ಗಿರಾಕಿ ಸರಿಯಿಲ್ಲದಿದ್ದರೆ ಅಂಗಡಿ ಏಳುವುದಿಲ್ಲ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

ಚಿನ್ನದಂಗಡಿ ಫುಂಗಮ್ಮನವರ ಕೈಗುಣ ದೊಡ್ಡ ಹೆಸರು ಮಾಡಿತ್ತು. ಅಂಗಡಿ ತೆರೆಯುವವರೆಲ್ಲ ಅವರನ್ನೇ ಕರೆಯುತ್ತಿದ್ದರು. ಅವರು ಬಂದು, ಮೊದಲು ಕೊಂಡು, ಎರಡು ಒಳ್ಳೆಯ ಮಾತಾಡಿ ಹೋಗುತ್ತಿದ್ದರು. ಕೊಂಡದ್ದಕ್ಕೆ ಹತ್ತರಷ್ಟು ಕಾಣಿಕೆ ಅವರ ಮನೆಗೆ ಆಮೇಲೆ ಹೋಗುತ್ತಿತ್ತು, ಅದು ಬೇರೆ ಮಾತು. ಲಾಯ್ ಒಂದು ಬುಟ್ಟಿ ಮೊಟ್ಟೆ ಹೊತ್ತುಕೊಂಡು ಹೋಗಿ, ಕೈ ಮುಗಿದು, ಅವರನ್ನು ಒಪ್ಪಿಸಿ ಬಂದಳು.

"ನಾನು ಅವತ್ತು ಬರಲ್ಲ ಅಕ್ಕಾ" ಎಂದಳು ನನ್ನ ಹತ್ತಿರ. "ಬೋಣಿ ಆಗೋವರೆಗೂ ನನ್ನ ನೆರಳೂ ಅಲ್ಲಿ ಬೀಳಬಾರದು."

"ನಿನ್ನ ತಲೆ! ಮಗಳು ಅಂಗಡಿ ಇಡ್ತಾಳೆ, ನೀನು ಮನೇಲಿ ಸೊಳ್ಳೆ ಹೊಡೀತಾ ಕೂರ್ತೀಯಾ?"

"ಕೂರ್ತೀನಿ. ಅವಳು ಚೆನ್ನಾಗಿದ್ರೆ ಸಾಕು."

ಆದರೆ ಮೊಟ್ಟೆ ಮಾರದೆ ಆಗುತ್ತದೆಯೇ? ಬಂದಳು. ಬಂದವಳು ಸೊಂಟ ತಿರುಗಿಸಿಕೊಂಡು, ಮಗಳ ಛತ್ರಿಗೆ ಬೆನ್ನು ಹಾಕಿ, ಕಾಲುವೆಯ ಕಡೆ ಮುಖ ಮಾಡಿ ಕೂತಳು. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದಳು. ಅಲ್ಲಿ ಏನಾಗುತ್ತಿದೆ ಎಂದು ನಾನು ಹೇಳುತ್ತಿರಬೇಕು, ಅವಳು ಕೇಳುತ್ತಿರಬೇಕು.

"ಊದುಬತ್ತಿ ಹಚ್ಚಿದ್ಲಾ?"

"ಹಚ್ಚಿದ್ಲು."

"ಹಣ್ಣಿಟ್ಲಾ?"

"ಇಟ್ಲು. ಒಂದು ಬಾಳೆಹಣ್ಣು ನಾನು ತಿಂದೆ."

"ಥೂ ನಿನ್ನ!"

ಫುಂಗಮ್ಮ ಬಿಸಿಲೇರಿದ ಮೇಲೆ ರೇಷ್ಮೆ ತೊಟ್ಟುಕೊಂಡು ಬಂದರು. ಅಷ್ಟು ಹೊತ್ತಿಗೆ ಇಬ್ಬರು ಹುಡುಗಿಯರು ಕೂರಲು ಬಂದು, ಬೋಣಿಯಾಗಿಲ್ಲವೆಂದು ತಿಳಿದು ಹಿಂದಿರುಗಿದ್ದರು. ಸ್ಟೂಲು ಕಿರುಗುಟ್ಟಿತು. ಯೆಮ್ ಅವರ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಬೆಣ್ಣೆಯಂಥ ಕೈ, ಹಾಲಿನ ಕೆನೆಯಂಥ ಚರ್ಮ. ಅಂಥ ಕೈಯನ್ನು ಅವಳು ಹಿಡಿದೇ ಇರಲಿಲ್ಲ. ಅವಳ ಬೆರಳಿಗೆ ಗೊತ್ತಿದ್ದದ್ದು ಅಮ್ಮನ ಚರ್ಮ ಒಂದೇ. ಅಮ್ಮನ ಕೈಗೆ ಒತ್ತುವಷ್ಟೇ ಕತ್ತರಿ ಒತ್ತಿದಳು.

"ಅಯ್ಯಯ್ಯೋ!"

ಹೆಬ್ಬೆರಳಿನ ಬುಡದಲ್ಲಿ ಒಂದು ಹನಿ ರಕ್ತ. ಸಾಸಿವೆಯಷ್ಟು. ಆದರೆ ಬೋಣಿಯ ಹೊತ್ತಿನಲ್ಲಿ ರಕ್ತವೆಂದರೆ ಸಾಸಿವೆಯೂ ಕುಂಬಳಕಾಯಿಯೇ. ಫುಂಗಮ್ಮ ಎದ್ದು ನಿಂತರು.

"ರಕ್ತ! ಬೋಣಿಗೆ ರಕ್ತ! ನನ್ನ ಕೈಗುಣಾನೂ ಕೆಡಿಸ್ತೀಯಾ? ಅದೇ ಅಂದ್ಕೊಂಡೆ ನಾನು, ಆ ತಾಯಿಯ ಮಗಳಲ್ವಾ ಅಂತ!"

"ಕ್ಷಮಿಸಿ ಅಮ್ಮಾವ್ರೇ, ಹತ್ತಿ ಒತ್ತಿ ಹಿಡೀತೀನಿ, ಒಂದು ನಿಮಿಷ…"

ಅವರು ನಿಲ್ಲಲಿಲ್ಲ. ಬೋಣಿಯೂ ಆಗಲಿಲ್ಲ, ರಕ್ತವೂ ಬಿತ್ತು. ಮಾರುಕಟ್ಟೆ ಗುಸುಗುಸು ಎನ್ನತೊಡಗಿತು. ನನಗೆ ತೋಚಿದ್ದು ಒಂದೇ. ಕೆಟ್ಟ ಗಿರಾಕಿ ಬಂದುಹೋದರೆ ನಾವು ಮಾಡುವ ಹಾಗೆ ಮೀನು ಸುತ್ತುವ ಕಾಗದಕ್ಕೆ ಬೆಂಕಿ ಹಚ್ಚಿ, ಓಡಿಹೋಗಿ, ಯೆಮ್‌ಳ ಬುಟ್ಟಿಯ ಸುತ್ತ ನಿವಾಳಿಸಲು ಶುರುಮಾಡಿದೆ.

"ದೊಡ್ಡಮ್ಮಾ! ಆರ್ಸಿ! ಆರ್ಸಿ! ಅಲ್ಲಿ ಬಣ್ಣ ಒರೆಸೋ ರಿಮೂವರ್ ಇದೆ, ಕಿಡಿ ಬಿದ್ರೆ ಮಾರ್ಕೆಟ್ಟೇ ಹೋಗತ್ತೆ!"

ಉಗುರು ನೆನೆಸುವ ಬೋಗುಣಿಯ ನೀರನ್ನು ಯೆಮ್ ನನ್ನ ಕೈಮೇಲೆ ಸುರಿದಳು. ಕಾಗದವೂ ಆರಿತು, ನನ್ನ ತೋಳೂ ಒದ್ದೆಯಾಯಿತು. ಸಾಲಿಗೆ ಸಾಲೇ ನಕ್ಕಿತು. ನಗದವಳು ಲಾಯ್ ಒಬ್ಬಳೇ. ತಿರುಗಿ ನೋಡಿದರೆ, ಅವಳು ಮೊಟ್ಟೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು.

"ಎಲ್ಲಿಗೆ?" ಎಂದೆ.

"ಮನೆಗೆ. ನಾನು ಬರಬಾರದಿತ್ತು, ನಿಂಗೆ ಮೊದಲೇ ಹೇಳಿದ್ದೆ. ಬೆನ್ನು ಹಾಕಿ ಕೂತ್ರೂ ತಟ್ತು ನೋಡು. ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ನೀನು ಹೋಗಿ ಕೂತು ಬೋಣಿ ಮಾಡು. ನನ್ನ ಮಗಳ ಅನ್ನಕ್ಕೆ ಕಲ್ಲು ಬಿತ್ತು."

ಅವಳ ಧ್ವನಿ ಹಾಗೆ ನಡುಗಿದ್ದನ್ನು ನಾನೆಂದೂ ಕೇಳಿರಲಿಲ್ಲ. ಒದ್ದೆ ತೋಳನ್ನು ಒರೆಸಿಕೊಂಡು ಸ್ಟೂಲಿನ ಕಡೆ ಹೆಜ್ಜೆ ಹಾಕಿದೆ.

"ದೊಡ್ಡಮ್ಮಾ, ಬೇಜಾರು ಮಾಡ್ಕೋಬೇಡಿ. ನೀವು ಕೂತ್ಕೋಬೇಡಿ" ಎಂದಳು ಯೆಮ್. ನೇರವಾಗಿ ಅಮ್ಮನ ಹತ್ತಿರ ಬಂದು ಬುಟ್ಟಿಗೆ ಅಡ್ಡ ನಿಂತಳು. "ಬಾ ಅಮ್ಮ. ಬಂದು ಕೂತ್ಕೊ."

"ಹುಚ್ಚು ಹಿಡಿದಿದೆಯಾ ನಿಂಗೆ? ಇನ್ನೂ ಬೋಣಿ ಆಗಿಲ್ಲ."

"ಅದಕ್ಕೇ ಕರೀತಿರೋದು."

"ಬೇಡ ಕಣೇ. ನನ್ನ ಕೈ ಗೊತ್ತಲ್ಲ ನಿಂಗೆ."

"ಗೊತ್ತು. ನನಗೆ ಗೊತ್ತಿರೋದು ಅದೊಂದೇ ಕೈ! ಅದಕ್ಕೇ ಆಯಮ್ಮನ ಬೆರಳು ಕುಯ್ದೆ. ತಪ್ಪು ನಂದು, ನಿನ್ನ ನೆರಳಿಂದಲ್ಲ."

ಲಾಯ್ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು. ಇಡೀ ಸಾಲು ಮಾರಾಟ ನಿಲ್ಲಿಸಿ ನೋಡುತ್ತಿತ್ತು. ಯೆಮ್‌ಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

"ಅಮ್ಮಾ, ನಿನ್ನ ಕೈಗೆ ಬಂದ ಮೊದಲನೇ ಮಗು ನಾನು. ನಿನ್ನ ಬೋಣಿ ನಾನೇ ತಾನೇ? ನಾನೇನು ಕೆಟ್ಟೋದ್ನಾ ಹೇಳು."

ಲಾಯ್ ಕಂಕುಳಿಂದ ಕೈ ಈಚೆ ತೆಗೆದಳು. ಮಗಳು ರಟ್ಟೆ ಹಿಡಿದು ಎಳೆದುಕೊಂಡು ಹೋದಾಗ ಸುಮ್ಮನೆ ಹೋದಳು, ಸ್ಟೂಲಿನ ತುದಿಯಲ್ಲಿ ಕೂತಳು.

"ಯಾವ ಬಣ್ಣ?" ಎಂದು ಯೆಮ್ ಗಿರಾಕಿಯನ್ನು ಕೇಳುವ ಹಾಗೆಯೇ ಕೇಳಿದಳು.

ಇಷ್ಟು ತಿಂಗಳು ಲಾಯಳ ಉಗುರಿನ ಮೇಲೆ ಇಪ್ಪತ್ತು ಬಗೆ ಬಣ್ಣ ಬಂದುಹೋಗಿದ್ದರೂ ಯಾವುದು ಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಲಾಯ್ ಬುಟ್ಟಿಯನ್ನು ನೋಡಿದಳು. ಮೊದಲು ಬಣ್ಣವಿಲ್ಲದ ಸೀಸೆಯ ಕಡೆ ಬೆರಳು ಹೋಯಿತು, ಅದು ಎಲ್ಲಕ್ಕಿಂತ ಅಗ್ಗದ್ದು. ಆಮೇಲೆ ಬೆರಳು ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಗಂಡುಬಾತಿನ ಕತ್ತು ಬಿಸಿಲಿಗೆ ತಿರುಗಿದಾಗ ಹೊಳೆಯುತ್ತದಲ್ಲ, ನೀಲಿಯೂ ಅಲ್ಲ, ಹಸಿರೂ ಅಲ್ಲ, ಆ ಬಣ್ಣ. ಬಾತುಕತ್ತು ಎಂದೇ ನಾವು ಅದನ್ನು ಕರೆಯುವುದು.

"ಇದು" ಎಂದಳು. "ಉಂಗುರದ ಬೆರಳಿಗೆ ಮಿನುಗು ಹಾಕು. ಜಾಸ್ತೀನೇ ಹಾಕು."

ಯೆಮ್‌ಳ ಕೈ ಕೆಲಸಕ್ಕಿಳಿಯಿತು. ಆ ದಪ್ಪ ಉಗುರಿನ ಏರುತಗ್ಗುಗಳೆಲ್ಲ ಅವಳಿಗೆ ಬಾಯಿಪಾಠ. ಒಂದು ಪದರ, ಒಣಗಿದ ಮೇಲೆ ಇನ್ನೊಂದು ಪದರ, ಹೆಬ್ಬೆರಳಿನ ಮೇಲೆ ಬಿಳಿಯ ತಾವರೆ. ಎರಡೂ ಕೈ ಮುಗಿಯುವ ಹೊತ್ತಿಗೆ ಲಾಯಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದಳು.

"ಮುಟ್ಟಬೇಡ! ಹಸಿ ಇದೆ!" ಎಂದು ತಾಯಿಯ ಮಣಿಕಟ್ಟು ಹಿಡಿದಳು ಯೆಮ್.

"ಮೂಗು ಸೋರ್ತಿದೆ ಕಣೇ!"

ನಾನೇ ಹೋಗಿ ನನ್ನ ಅಂಗಿಯ ತುದಿಯಿಂದ ಅವಳ ಮೂಗು ಒರೆಸಿದೆ. "ಮೀನು ವಾಸನೆ" ಎಂದು ಬೈದಳು. ಸದ್ಯ, ಬಾಯಿ ವಾಪಸು ಬಂತು ಎಂದುಕೊಂಡೆ. ಸೊಂಟದ ಜೇಬಿನಲ್ಲಿದ್ದ ದುಡ್ಡನ್ನೂ ನಾನೇ ತೆಗೆದು ಯೆಮ್‌ಳ ಕೈಗೆ ಕೊಡಬೇಕಾಯಿತು. ಮಗಳು ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು.

ಅಷ್ಟರಲ್ಲಿ ಯಾವುದೋ ದೋಣಿಯಿಂದ ಇಳಿದ ಹೆಂಗಸೊಬ್ಬಳು, ಕುಂಬಳಕಾಯಿ ಮಾರಲು ಬಂದವಳು, ಛತ್ರಿಯ ಹತ್ತಿರ ನಿಂತಳು. ನಮ್ಮ ಕಡೆಯವಳಲ್ಲ, ನಮ್ಮ ಪುರಾಣ ಏನೂ ತಿಳಿಯದವಳು. ಕತ್ತು ಚಾಚಿ ಬಣ್ಣದ ಸೀಸೆಗಳನ್ನು ನೋಡಿ, ಯಾರನ್ನೆಂದಿಲ್ಲದೆ ಕೇಳಿದಳು.

"ಬೋಣಿ ಆಯ್ತಾ? ನಾನು ಕೂತ್ಕೋಬಹುದಾ?"

ಸೊಪ್ಪಿನವಳು ನನ್ನನ್ನು ನೋಡಿದಳು. ನಾನು ಯೆಮ್‌ಳನ್ನು ನೋಡಿದೆ. ಯೆಮ್ ಅಮ್ಮನನ್ನೇ ನೋಡುತ್ತಾ ನಿಂತಳು. ಲಾಯ್ ಎದ್ದಳು. ಹತ್ತು ಬೆರಳನ್ನೂ ಅಗಲಿಸಿ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ಬಿಸಿಲಿಗೆ ಉಗುರುಗಳು ಫಳಫಳ ಎಂದವು.

"ಆಯ್ತು ಕಣಮ್ಮ" ಎಂದಳು, ಸಾಲಿನ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ. "ನಾನೇ ಮಾಡ್ದೆ. ನೀನು ಕೂತ್ಕೊ."

ಕುಂಬಳಕಾಯಿಯವಳು ಕೂತು ಕೈ ಚಾಚಿದಳು. ಲಾಯ್‌ಗೆ ಇನ್ನೂ ಅರ್ಧ ಗಂಟೆ ಏನನ್ನೂ ಮುಟ್ಟುವ ಹಾಗಿರಲಿಲ್ಲ, ಆದ್ದರಿಂದ ಅವಳ ಮೊಟ್ಟೆಗಳನ್ನು ನಾನೇ ಮಾರಿದೆ.