ಟವೆಲ್ಲಿನಡಿ ಕೇಳಿದ ಬೆಲೆ

ನನ್ನ ಅಕ್ಕನ ಮಗಳು ಲತಾಮಣಿ ಹೆಸರು ಮಾರುವ ವ್ಯಾಪಾರ ಮಾಡುತ್ತಾಳೆ ಎಂದರೆ ಮಲಯಾಳ ಸೀಮೆಯ ಅಂಚಿನ ನಮ್ಮ ಕೊಳವಳ್ಳಿಯಲ್ಲಿ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ನಾನಂತೂ ಬಹಳ ಕಾಲ ನಂಬಲಿಲ್ಲ. ನನ್ನದು ದಿನಸಿ ಅಂಗಡಿ. ತಕ್ಕಡಿಗೆ ಹಾಕಲು ಬಾರದ್ದನ್ನು ಸಾಮಾನು ಎಂದು ಒಪ್ಪುವ ಆಸಾಮಿಯಲ್ಲ ನಾನು. ಪಕ್ಕದಲ್ಲೇ ಅವಳ ಜೆರಾಕ್ಸ್ ಅಂಗಡಿ. ಊರವರ ರೇಷನ್ ಕಾರ್ಡು, ಆಧಾರ್ ಕಾರ್ಡುಗಳ ನಡುವೆ ಬಿಡುವಾದಾಗ ಕಂಪ್ಯೂಟರ್ ಮುಂದೆ ಕೂತು ಇಂಟರ್ನೆಟ್ಟಿನ ವಿಳಾಸಗಳನ್ನು ಕೊಂಡಿಡುತ್ತಾಳೆ, ಬೇಕಾದವರು ಬಂದಾಗ ಮಾರುತ್ತಾಳೆ. ಡಾಟ್ ಕಾಮ್ ಎಂಬ ಬಾಲವಿರುವ ಒಳ್ಳೆಯ ಹೆಸರುಗಳೆಲ್ಲ ಎಂದೋ ಯಾರ್ಯಾರದೋ ಪಾಲಾಗಿವೆಯಂತೆ. ಹಾಗಾಗಿ ಇವಳದು ಡಾಟ್ ಫಾರ್ಮ್, ಡಾಟ್ ಕಾಫಿ ಎಂಬಂಥ ಅಪರೂಪದ ಬಾಲಗಳು.

"ಗಾಳಿಗೆ ಬೆಲೆ ಕಟ್ಟೋಳೇ, ಇವತ್ತು ಎಷ್ಟು ಕೆಜಿ ಹೋಯ್ತು?" ಎಂದು ರೇಗಿಸುತ್ತಿದ್ದೆ.

"ಚುಮ್ಮಾ ಇರಿ ಮಾವ. ಡಾಟ್ ಕಾಮ್ ಅಂದ್ರೆ ಕರೆಯೋ ಹಸು, ಯಾರು ಬೇಕಾದ್ರೂ ಕೇಳ್ತಾರೆ. ಇವು ಹಂಗಲ್ಲ. ಒಂದೊಂದಕ್ಕೆ ಲೋಕದಲ್ಲಿ ಒಬ್ಬನೋ ಇಬ್ಬರೋ ಗಿರಾಕಿ. ಹೆಸರೂ ಬಾಲಾನೂ ಸೇರಿ ಒಂದೇ ಮಾತು ಅನ್ನಿಸಬೇಕು, ಆ ಒಬ್ಬ ಗಿರಾಕಿ ಯಾರು ಅಂತ ಹೊಳೀಬೇಕು. ಇಲ್ದಿದ್ರೆ ವರ್ಷಾ ವರ್ಷಾ ಮೇವು ಹಾಕಿದ್ದೇ ಬಂತು."

ಮೇವು ಎಂದರೆ ಆ ಹೆಸರನ್ನು ಉಳಿಸಿಕೊಳ್ಳಲು ವರ್ಷವರ್ಷವೂ ಕಟ್ಟುವ ಶುಲ್ಕ. ಮೊದಲ ವರ್ಷ ಕಂಪನಿಯವರು ಪುಕ್ಕಟೆಯೇನೋ ಎಂಬಂತೆ ಕೊಟ್ಟು, ಮುಂದೆ ಹಿಂಡುತ್ತಾರೆ. ಹಸು, ಮೇವು ಎಂಬ ಈ ಮಾತೆಲ್ಲ ಅವಳಿಗೆ ಬಂದದ್ದು ಅಪ್ಪನಿಂದ. ನನ್ನ ಭಾವ ಚೆಲುವರಾಜು ಹೊಳೆಯಾಚೆಯ ದನದ ಸಂತೆಯಲ್ಲಿ ಹೆಸರಾಂತ ದಲ್ಲಾಳಿ. ಟವೆಲ್ ಹೊದಿಸಿ, ಅದರಡಿ ಬೆರಳು ಹಿಡಿದು ಅವನು ಬೆಲೆ ಹೇಳಿದನೆಂದರೆ ಪಕ್ಕದಲ್ಲಿ ನಿಂತವನಿಗೂ ಗುಟ್ಟು ತಿಳಿಯುತ್ತಿರಲಿಲ್ಲ. "ಮುಖ ಸುಳ್ಳು ಹೇಳುತ್ತೆ, ಅಂಗೈ ಹೇಳಲ್ಲ" ಎನ್ನುತ್ತಿದ್ದ. ವ್ಯಾಪಾರ ಕುದುರಿದರೆ ಸಾಕು, ಹಸು ಹೆಜ್ಜೆ ಕೀಳುವ ಮೊದಲೇ ದಲಾಲಿಗೆಂದು ಅವನ ಕೈ ಚಾಚಿಕೊಳ್ಳುತ್ತಿತ್ತು. ಸ್ವಂತ ಭಾವಮೈದ ನಾನು ಹಸು ಕೊಂಡಾಗಲೂ ಬಿಟ್ಟವನಲ್ಲ.

ಅಂಥವನಿಗೆ ಹೋದ ವರ್ಷ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಪೂರ್ತಿ ನಿಂತಿತು. ಮಾತನ್ನೇ ನಂಬಿ ಬದುಕಿದವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಯಾರಾದರೂ ನೋಡಲು ಬಂದರೆ ಕಣ್ಣು ಮುಚ್ಚುತ್ತಿದ್ದ. ಅಕ್ಕ ಗುರುಬಸಮ್ಮ ಗಂಜಿ ಹಿಡಿದು ಗೋಗರೆಯಬೇಕಿತ್ತು. ಕೈಕಾಲಿಗೆ ವ್ಯಾಯಾಮ ಮಾಡಿಸಲು ಬಂದ ನರ್ಸ್ ಶೈಲಜ, "ಅವರಿಗೇ ಬದುಕ್ಬೇಕು ಅನ್ನಿಸ್ಬೇಕು ಚೇಚಿ" ಎಂದು ಅಕ್ಕನಿಗೆ ಹೇಳಿ ಹೋದಳು.

ಒಂದು ದಿನ ಲತಾಮಣಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಪ್ಪನ ಮಂಚದ ಬಳಿ ಕೂತು ಒಂದು ಹೆಸರನ್ನು ಕೊಳ್ಳಲೋ ಬಿಡಲೋ ಎಂದು ತಲೆ ಕೆಡಿಸಿಕೊಂಡಿದ್ದಳು. "ಅಪ್ಪಾ, ಇದು ಗೊಡ್ಡೋ, ಗಬ್ಬದ್ದೋ?" ಎಂದು ಸುಮ್ಮನೆ ಕೇಳಿ, ಹಳೆಯ ತೋರ್ತು ಟವೆಲ್ಲನ್ನು ಅವನ ಎಡಗೈ ಮೇಲೆ ಎಳೆದು ತನ್ನ ಕೈ ತೂರಿಸಿದಳು. ಸ್ವಲ್ಪ ಹೊತ್ತಿಗೆ ಅವನ ಬೆರಳು ಅವಳ ಬೆರಳನ್ನು ಹುಡುಕಿ ಹಿಡಿಯಿತು. ಅಂದಿನಿಂದ ಅದೇ ರೂಢಿಯಾಯಿತು. ಅವಳು ಹೆಸರು ಹೇಳಿ, ಯಾರಿಗೆ ಬೇಕಾಗಬಹುದು ಎಂದು ವಿವರಿಸಿ ಕೈ ಚಾಚುವಳು. ಅವನು ಬೆಲೆ ಒತ್ತುವನು. ಭಾವ ಗೋಡೆ ಬಿಟ್ಟು ಸೂರು ನೋಡಲು ಶುರುಮಾಡಿದ.

ಆಸೆ ಹೆಚ್ಚಾಗಿ ಹುಡುಗಿ ಎಡವಿದಳು. ಆಗಲೇ ಮಾರಿಯಾಗಿದ್ದ ಹೆಸರೊಂದನ್ನು, ಅಪ್ಪನಿಗೆ ಖುಷಿಯಾಗಲಿ ಎಂದು, ಬೆಲೆ ಗೊತ್ತಿಲ್ಲದವಳಂತೆ ಟವೆಲ್ಲಿನಡಿ ತಂದಳು. ಭಾವ ಅವಳ ಅಂಗೈ ಸವರಿ ನೋಡಿದ. ಬೆಚ್ಚಗಿತ್ತು, ಒಣಗಿತ್ತು. ನಿಜವಾಗಿ ದಿಗಿಲಿದ್ದವರ ಅಂಗೈ ಬೆವರುತ್ತದೆ ಎಂದು ಗೊತ್ತಿಲ್ಲದೆಯೇ ಅವನು ಅಷ್ಟು ಸಂತೆ ಕಂಡಿದ್ದನೇ? ಕೈ ಕಿತ್ತುಕೊಂಡು ಮತ್ತೆ ಗೋಡೆಗೆ ತಿರುಗಿದ. ಅಯ್ಯೋ ಪಾಪ ಎಂದು ನನ್ನ ಬಳಿ ಬೆಲೆ ಕೇಳುವುದಕ್ಕಿಂತ ಕೇಳದಿರುವುದೇ ಮೇಲು ಎಂದು ಆ ಬೆನ್ನು ಹೇಳುತ್ತಿತ್ತು. ಆಮೇಲೆ ಗಂಜಿಯೂ ಬೇಡವಾಯಿತು. ನಾನು ಹೋಗಿ ಬೈದೆ, ಬೇಡಿಕೊಂಡೆ. ಭಾವ ಅಲುಗಲಿಲ್ಲ.

ಆ ದಿನಗಳಲ್ಲೇ ವೆಳ್ಳಮುಂಡದಿಂದ ವಿಜಯನ್ ಎಂಬವನು ಬರೆದು ಕೇಳಿದ. ಲತಾಮಣಿಯ ಬಳಿ 'ವಯಲ್ ಡಾಟ್ ಫಾರ್ಮ್' ಎಂಬ ಹೆಸರಿತ್ತು. ವಯಲ್ ಎಂದರೆ ಮಲಯಾಳದಲ್ಲಿ ಗದ್ದೆ. ಅವನು ಹೇಳಿದ್ದು ತೀರಾ ಸಣ್ಣ ಬೆಲೆ. ಕಂಪ್ಯೂಟರಿನ ಲೆಕ್ಕಾಚಾರವೂ ಇಂಥ ಬಾಲಕ್ಕೆ ಬೆಲೆಯೇ ಇಲ್ಲ ಎನ್ನುತ್ತಿತ್ತು. ಒಪ್ಪಿದರೆ ಚಿನ್ನವನ್ನು ಹಿತ್ತಾಳೆಗೆ ಕೊಟ್ಟಂತಾದೀತು. ಜಗ್ಗಾಡಿದರೆ ಇದ್ದ ಒಬ್ಬನೇ ಗಿರಾಕಿ ಕೈ ಜಾರಿಯಾನು. ಮೇವಿನ ದಿನ ಬೇರೆ ಹತ್ತಿರ ಬಂದಿತ್ತು.

"ಕೊಟ್ಬಿಡು ಮೋಳೇ, ಗಾಳಿ ತಾನೇ" ಎಂದೆ ನಾನು.

ಅವಳು ಎದ್ದು ಮನೆಗೆ ನಡೆದಳು. ನಾನೂ ಅಂಗಡಿಗೆ ಬಾಗಿಲೆಳೆದು ಹಿಂದೆಯೇ ಹೋದೆ. ಅವಳು ಅಪ್ಪನ ಬೆನ್ನಿನ ಹಿಂದೆ ಕೂತು ವಿಷಯವೆಲ್ಲ ಹೇಳಿದಳು. ಭಾವ ಕೈ ಕೊಡಲಿಲ್ಲ.

"ಅವತ್ತು ಸುಳ್ಳಾಡಿದ್ದು ಹೌದಪ್ಪ. ಇವತ್ತು ಇಲ್ಲ. ನಂಗೆ ನಿಜವಾಗ್ಲೂ ತಿಳೀತಿಲ್ಲ. ನೀನಲ್ದೆ ಇನ್ಯಾರನ್ನ ಕೇಳ್ಲಿ?" ಎಂದು ಅವನ ಎಡಗೈಯೊಳಗೆ ತನ್ನ ಕೈ ತುರುಕಿ, ಮೇಲೆ ಟವೆಲ್ ಹಾಕಿದಳು.

ಭಾವ ಅಂಗೈ ಸವರಿದ. ಮತ್ತೊಮ್ಮೆ ಸವರಿದ. ಅವಳ ಕೈ ಬೆವರಿ ತೊಪ್ಪೆಯಾಗಿತ್ತು ಎಂದು ಆಮೇಲೆ ಅವಳೇ ಹೇಳಿದಳು. ಆತ ನಿಧಾನವಾಗಿ ಈಚೆ ಹೊರಳಿದ.

ಬೆರಳು ಮಾತ್ರ ಹಿಡಿಯಲಿಲ್ಲ. ಟವೆಲ್ಲನ್ನೇ ಎಳೆದುಕೊಂಡು ಅದರ ತುದಿಯನ್ನು ಹೊಸೆದು ಹೊಸೆದು ಎತ್ತಿ ತೋರಿಸಿದ. ನೀರು ಬೇಕೇನೋ ಎಂದು ನಾನು ಎದ್ದೆ. ಲತಾಮಣಿ ತಡೆದಳು. "ಹಗ್ಗಾನಾ ಅಪ್ಪಾ?"

ಹೌದೆಂಬಂತೆ ಭಾವ ಕಣ್ಣು ಮುಚ್ಚಿ ತೆರೆದ. ದನ ಮಾರಿದವರು ಹಗ್ಗ ಕೊಡುವುದಿಲ್ಲ, ಕೊಟ್ಟರೆ ಹಟ್ಟಿಯ ಲಕ್ಷ್ಮಿ ಹೋಗುತ್ತಾಳೆ. ಕೊಳ್ಳುವವನೇ ಹೊಸ ಹಗ್ಗ ತರಬೇಕು. ಸುಮ್ಮನೆ ನೋಡಲು ಬಂದವನು ಕೈಬೀಸಿಕೊಂಡು ಬರುತ್ತಾನೆ. ಕೊಳ್ಳಲೇಬೇಕೆಂದು ಬಂದವನ ಕಂಕುಳಲ್ಲಿ ಹಗ್ಗವಿರುತ್ತದೆ.

ಲತಾಮಣಿ ಫೋನಿನಲ್ಲಿ ವಿಜಯನ್‌ನನ್ನು ಹುಡುಕಿದಳು. ಅಕ್ಕಿ ಮಾರುವವನು. ಒಂದು ಫೋಟೋದಲ್ಲಿ ಅವನ ಅಂಗಡಿ ಮುಂದೆ ಹೊಸ ಚೀಲಗಳ ರಾಶಿ; ಚೀಲ ಚೀಲದ ಮೇಲೂ 'ವಯಲ್ ಡಾಟ್ ಫಾರ್ಮ್' ಎಂದು ಆಗಲೇ ಅಚ್ಚಾಗಿತ್ತು.

"ಹಗ್ಗ ತಂದವ್ನೆ ಅಪ್ಪಾ!" ಎಂದು ಕೂಗಿದಳು. "ಐದರಷ್ಟು ಕೇಳ್ಲಾ?"

ಟವೆಲ್ಲಿನಡಿ ಅವಳ ಐದೂ ಬೆರಳನ್ನು ಹಿಡಿದ ಭಾವ ಮೂರನ್ನು ಬಿಟ್ಟು ಎರಡನ್ನಷ್ಟೇ ಒತ್ತಿದ. ಹಗ್ಗ ತಂದವನ ಕೊರಳಿಗೆ ಹಗ್ಗ ಹಾಕಬಾರದು ಎಂದು ಅವನು ಸಂತೆಯಲ್ಲಿ ಹೇಳುತ್ತಿದ್ದದ್ದು ನನಗೆ ನೆನಪಿದೆ. ಅವಳು ವಿಜಯನ್ ಹೇಳಿದ್ದ ಬೆಲೆಯ ಎರಡರಷ್ಟು ಬರೆದು ಕಳಿಸಿದಳು. ಅಕ್ಕ ಕಾಪಿ ಕಾಯಿಸಿ ತರುವಷ್ಟರಲ್ಲಿ ವಿಜಯನ್ ಒಪ್ಪಿದ ಉತ್ತರ ಬಂತು.

"ಕುದುರಿತು ಅಪ್ಪಾ" ಎಂದಳು ಲತಾಮಣಿ.

ಭಾವನ ಎಡಗೈ ಟವೆಲ್ಲಿನಿಂದ ಈಚೆ ಬಂದು, ಅಂಗೈ ಮೇಲಾಗಿ ಅವಳ ಮುಂದೆ ಚಾಚಿ ನಿಂತಿತು. ಅವಳು ಗಾಬರಿಯಾದಳು. "ಏನಪ್ಪಾ, ಏನ್ ಬೇಕು? ಕಾಪಿನಾ? ಕೈ ನೋಯ್ತದಾ?" ಕೈ ಕೆಳಗಿಳಿಯಲಿಲ್ಲ. ಅಕ್ಕ ಲೋಟ ಹಿಡಿದು ಓಡಿಬಂದಳು. ಅವನು ಲೋಟವನ್ನು ನೋಡಲೂ ಇಲ್ಲ.

ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಅಯ್ಯೋ ನಿನ್ನ, ಅಷ್ಟೂ ತಿಳಿಯಲ್ವೇನೇ?" ಎಂದೆ. "ನಿಮ್ಮಪ್ಪ ದಲಾಲಿ ಕೇಳ್ತಾವ್ನೆ!"