ಹುಚ್ಚಯ್ಯನವರ ಶಾಲು, ಅರ್ಪಿತಳ ಲೈಸೆನ್ಸು

ಕೆಲಸ ಮಾಡದವರ ಹೆಸರಿನಲ್ಲಿ ಕಂಪ್ಯೂಟರ್ ಲೈಸೆನ್ಸ್ ಬಿದ್ದಿದ್ದರೆ ಕೆಲಸ ಮಾಡುವವರಿಗೆ ಅದು ಸಿಗುವುದಿಲ್ಲ. ಇದು ಸಂಘದ ಸದಸ್ಯರಾದ ನಿಮಗೆ ಗೊತ್ತಿರಬೇಕಿತ್ತು. ನಮ್ಮ ನಾಲ್ಕು ತಾಲ್ಲೂಕಿನ ಗೊಬ್ಬರ-ಬೀಜದ ಸಂಘದಲ್ಲಿ ಇದನ್ನು ಬಾಯಿಬಿಟ್ಟು ಹೇಳಿದವಳು ಒಬ್ಬಳೇ, ಪಾಂಡವಪುರದ ಮುಖ್ಯ ಕಚೇರಿಯ ಚಂದ್ರಕಲ.

ಅವಳು ತೊಣ್ಣೂರಿನ ಬಡಗಿ ಲಕ್ಷ್ಮಣಾಚಾರಿಯ ಮಗಳು. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಹದಿನಾಲ್ಕು ವರ್ಷದಿಂದ ಅದೇ ಕಿಟಕಿಯ ಪಕ್ಕ ಕೂತಿದ್ದಾಳೆ. ಸಂಘದ ಕಂಪ್ಯೂಟರುಗಳ ಉಸ್ತುವಾರಿ ಅವಳದೇ. ಅವರ ಮನೆಯಲ್ಲೊಂದು ಕಟ್ಟಳೆ ಇದೆ. ವರ್ಷವಿಡೀ ಯಾರೂ ಮುಟ್ಟದ ಉಳಿಯನ್ನು ಆಯುಧಪೂಜೆಗೆ ಇಡುವಂತಿಲ್ಲ. ಪೂಜೆಗೆ ಮೊದಲೇ ಅದನ್ನು ದುಡಿಯುವ ಇನ್ನೊಬ್ಬರ ಕೈಗೆ ಕೊಟ್ಟುಬಿಡಬೇಕು. ತಾತನ ಉಳಿ ಹಾಗೆಯೇ ಅಪ್ಪನಿಗೆ ಬಂತು. ಕೈ ನಡುಗಲು ಶುರುವಾದ ವರ್ಷ ಅಪ್ಪ ಅದನ್ನು ಎದುರುಮನೆಯವನಿಗೆ ಕೊಟ್ಟು, ಒಳಗೆ ಬಂದು ಕಾಫಿ ಕುಡಿದರು. ಅಷ್ಟೆ.

ಸಂಘದ ಕಟ್ಟಳೆಯೇ ಬೇರೆ. ಸಾಫ್ಟ್‌ವೇರ್ ಕಂಪನಿ ನಮಗೆ ಕೊಟ್ಟಿರುವುದು ಇಪ್ಪತ್ತನಾಲ್ಕು ಲೈಸೆನ್ಸ್. ಅಂದರೆ ಇಪ್ಪತ್ತನಾಲ್ಕು ಜನ ಮಾತ್ರ ತಮ್ಮ ತಮ್ಮ ಹೆಸರಿನಲ್ಲಿ ಕೆಲಸ ಮಾಡಬಹುದು. ಬಳಸದವರಿಂದ ತೆಗೆದು ಬೇರೆಯವರಿಗೆ ಕೊಡಬಹುದು ಅಂತ ಕರಾರಿನಲ್ಲೇ ಇದೆ. ಸಂಘ ಮಾಡಿದ್ದೇನು? ಹೊಸ ನಿರ್ದೇಶಕರು ಆರಿಸಿ ಬಂದ ದಿನ ಒಂಬತ್ತು ಜನಕ್ಕೂ ಶಾಲು, ಹಾರ, ಹಣ್ಣಿನ ತಟ್ಟೆ. ತಟ್ಟೆಯ ಮೇಲೆ, ಮೋಸಂಬಿಯ ಪಕ್ಕ, ಒಂದೊಂದು ಲೈಸೆನ್ಸು. ಹೆಸರು, ಪಾಸ್‌ವರ್ಡ್ ಬರೆದು ಲ್ಯಾಮಿನೇಷನ್ ಮಾಡಿಸಿದ ಕಾರ್ಡು! ಮೋಸಂಬಿಯನ್ನಾದರೂ ಮನೆಯವರು ತಿಂದರು.

ಹೀಗಿರುವಾಗ ನಾಗಮಂಗಲದ ಶಾಖೆಗೆ ಅರ್ಪಿತ ಎಂಬ ಹುಡುಗಿ ಗುತ್ತಿಗೆ ಮೇಲೆ ಸೇರಿದಳು. ಲೈಸೆನ್ಸ್ ಉಳಿದಿರಲಿಲ್ಲ. ಕಾರ್ಯದರ್ಶಿ ಮಹದೇವಸ್ವಾಮಿ ಫೋನಿನಲ್ಲೇ ದಾರಿ ತೋರಿಸಿದರು. "ಸಿಂಧಘಟ್ಟದ ಹುಚ್ಚಯ್ಯನೋರ್ದು ಸುಮ್ನೆ ಬಿದ್ದದೆ. ಅದ್ರಲ್ಲೇ ಹೊಡ್ಕೊಂಡೋಗವ್ವ."

ಹುಡುಗಿ ಹನ್ನೊಂದು ತಿಂಗಳು ರೈತರ ಚೀಟಿಗಳನ್ನು, ಅಂದರೆ ಬಿಲ್ಲುಗಳನ್ನು, ಕಂಪ್ಯೂಟರಿನಲ್ಲಿ ಹೊಡೆದಳು. ನಾಗಮಂಗಲದ ಒಂದೊಂದು ಗೊಬ್ಬರದ ಚೀಟಿಯೂ ನಿರ್ದೇಶಕ ಹುಚ್ಚಯ್ಯನವರ ಹೆಸರಿನಲ್ಲಿ ಏರಿತು.

ವಾರ್ಷಿಕ ಸಭೆಯಲ್ಲಿ ಕಂಪ್ಯೂಟರಿನ ವರದಿ ಓದಿದರು. ಅತಿ ಹೆಚ್ಚು ಚೀಟಿ ಹೊಡೆದವರು ಹುಚ್ಚಯ್ಯನವರು! ಚಪ್ಪಾಳೆ. ಇನ್ನೊಂದು ಶಾಲು. ಒಂದೂ ಹೊಡೆಯದವಳು ಅರ್ಪಿತ. ಈ ತಿಂಗಳ ಕೊನೆಗೆ ಕೆಲಸ ಬಿಡು ಅಂತ ಅವಳಿಗೆ ಪತ್ರ ಹೋಯಿತು. ಎಲ್ಲಾ ಗೊತ್ತಿದ್ದ ಕಾರ್ಯದರ್ಶಿ ವೇದಿಕೆಯ ಮೇಲೆ ಬಾದಾಮಿ ಹಾಲು ಕುಡಿಯುತ್ತಿದ್ದರು.

ಮರುದಿನ ಚಂದ್ರಕಲ ಕಾರ್ಯದರ್ಶಿಯ ಮೇಜಿನ ಮುಂದೆ ನಿಂತಳು.

"ಸಾರ್, ಅವ್ರ ಹೆಸ್ರಲ್ಲಿ ಹೊಡಿ ಅಂತ ನೀವೇ ತಾನೇ ಹೇಳಿದ್ದು?"

"ಹೇಳ್ದೆ ಅನ್ನಕೆ ಸಾಕ್ಷಿ ಎಲ್ಲದೆ?"

"ಅಂಗಾದ್ರೆ ಒಂಬತ್ತೂ ವಾಪಸ್ ತಗೀತೀನಿ. ಅದ್ರಲ್ಲಿ ಎಂಟ್ನ ಯಾರೂ ಒಂದ್ಸಲಾನೂ ತೆಗೆದಿಲ್ಲ."

"ದೊಡ್ಡೋರಿಗೆ ಮರ್ವಾದೆಗೆ ಕೊಟ್ಟಿರದು ಕಣಮ್ಮ. ಮುಟ್ಟುದ್ರೆ ನೋಡು."

"ಮುಟ್ಟಬ್ಯಾಡ ಅಂತ ಬರ್ಕೊಡಿ ಸಾರ್, ಮುಟ್ಟಕಿಲ್ಲ."

ಮಹದೇವಸ್ವಾಮಿಯವರ ಪೆನ್ನು ಜೇಬಿನಿಂದ ಹೊರಗೆ ಬರಲಿಲ್ಲ.

ಅವಳು ರಜೆ ಹಾಕಿ, ಕೆ.ಆರ್. ಪೇಟೆ ಬಸ್ಸು ಹತ್ತಿ ಸಿಂಧಘಟ್ಟಕ್ಕೆ ಹೋದಳು. ಹುಚ್ಚಯ್ಯನವರ ಪಡಸಾಲೆಯಲ್ಲಿ ಆ ಕಾರ್ಡಿಗೆ ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದ್ದರು. ಮೇಲೊಂದು ಸೇವಂತಿಗೆ.

"ಯಜಮಾನ್ರೇ, ನಾಗಮಂಗ್ಲದ ಚೀಟಿನೆಲ್ಲ ನೀವು ಹೊಡೆದಿದ್ದು ಯಾವಾಗ?"

"ಏ, ಅದ್ನೆಲ್ಲ ಆಪೀಸ್ನೋರು ನೋಡ್ಕತಾರೆ ಕಣವ್ವ."

ಹೆಂಡತಿ ದೊಡ್ಡತಾಯಮ್ಮನಿಗೆ ನಗು ತಡೆಯಲಿಲ್ಲ. "ಟೀವಿ ಹಾಕಕೂ ನನ್ನೇ ಕೂಗ್ತಾನೆ, ಕಂಪ್ಯೂಟ್ರು ಹೊಡ್ದನಂತೆ! ಆ ಕಾರ್ಡ್ಗೆ ದಿನಾ ಹೂವ ಇಡಾಳು ನಾನು. ಶಾಲು ಹೊದ್ಕಳನು ಇವ್ನು. ವಾಪಸ್ ಕೊಟ್ಬುಡದಲ್ವ ಅತ್ಲಾಗೆ?"

"ಸುಮ್ಕಿರಮ್ಮಿ. ವಾಪಸ್ ಕೊಟ್ರೆ ಊರೋರು ಕಿತ್ಕಂಡ್ರು ಅಂತಾರೆ."

ಚಂದ್ರಕಲ ಅಪ್ಪನ ಉಳಿಯ ವಿಷಯ ಹೇಳಿದಳು. "ನಮ್ಮಪ್ಪನ ಕೈಯಿಂದ ಕಿತ್ಕಂಡ್ರು ಅಂತ ಯಾರೂ ಅನ್ಲಿಲ್ಲ. ಒಂದು ಹುಡ್ಗಿ ಕೆಲ್ಸ ನಿಮ್ಮ ಗೋಡೆ ಮ್ಯಾಲೆ ನೇತಾಡ್ತಾ ಅದೆ ಯಜಮಾನ್ರೇ. ನಾನಲ್ಲ ಹೊಡೆದಿದ್ದು ಅಂತ ಒಂದು ಸಾಲು ಬರ್ಕೊಡಿ."

ಹುಚ್ಚಯ್ಯನವರು ಗೋಡೆಯ ಕಡೆ ಕೈ ತೋರಿಸಿದರು. "ಕಾರ್ಡು ತಗಂಡೋಗು. ಬರ್ಕೊಡು ಅಂತ ಮಾತ್ರ ಕೇಳಬ್ಯಾಡ. ಸಭೇಲಿ ತಲೆ ಎತ್ತಕಾಯ್ತದಾ?"

ದೊಡ್ಡತಾಯಮ್ಮ ಸ್ಟೂಲು ಎಳೆದು, ಹತ್ತಿ, ಕಾರ್ಡನ್ನು ಇಳಿಸಿ ಚಂದ್ರಕಲಳ ಕೈಗಿಟ್ಟರು. "ಇವ್ನು ಬರ್ಕೊಡ್ದಿದ್ರೆ ಬುಡು. ನಾನೂ ಸಂಘದ ಸದಸ್ಯೆ ಕಣವ್ವ. ಮುಂದಿನ ಸಭೆಗೆ ಬಂದು ಬಾಯಲ್ಲೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಕಚೇರಿ ತೆರೆದ ತಕ್ಷಣ ಚಂದ್ರಕಲ ಒಂಬತ್ತೂ ಲೈಸೆನ್ಸ್ ವಾಪಸ್ ಪಡೆದಳು. ಒಂದನ್ನು ಅರ್ಪಿತಳಿಗೆ ಕೊಟ್ಟಳು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆಗಳಲ್ಲಿ ಇಬ್ಬಿಬ್ಬರು ನೌಕರರು ಒಂದೇ ಲೈಸೆನ್ಸಿನಲ್ಲಿ ಹೆಣಗುತ್ತಿದ್ದರು, ಅಲ್ಲಿಗೂ ಒಂದೊಂದು. ಯಾರದು ಎಷ್ಟು ದಿನದಿಂದ ಸುಮ್ಮನೆ ಬಿದ್ದಿತ್ತು ಎಂಬ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದಳು. ಮಧ್ಯಾಹ್ನದ ಹೊತ್ತಿಗೆ, ನಿರ್ದೇಶಕರ ಗೌರವಕ್ಕೆ ಧಕ್ಕೆ ತಂದಿದ್ದೀಯ, ಉತ್ತರ ಕೊಡು ಅಂತ ನೋಟಿಸ್ ಬಂತು. ಈಗ ಕಾರ್ಯದರ್ಶಿಗಳ ಪೆನ್ನು ಚೆನ್ನಾಗಿಯೇ ಓಡಿತ್ತು.

ಅವಳ ಉತ್ತರ ಎರಡು ಸಾಲು: "ಗೌರವವನ್ನು ನಾನು ಮುಟ್ಟಿಲ್ಲ. ಕೆಲಸದ ಸಾಮಾನನ್ನು ಕೆಲಸ ಮಾಡುವವರಿಗೆ ಕೊಟ್ಟಿದ್ದೇನೆ."

ಅರ್ಪಿತ ಈಗ ತನ್ನ ಹೆಸರಿನಲ್ಲಿ ಚೀಟಿ ಹೊಡೆಯುತ್ತಿದ್ದಾಳೆ. ಆದರೆ ಹಿಂದಿನ ಹನ್ನೊಂದು ತಿಂಗಳು ಇನ್ನೂ ಹುಚ್ಚಯ್ಯನವರ ಲೆಕ್ಕದಲ್ಲೇ ಇದೆ, ಕೆಲಸ ಬಿಡು ಎಂಬ ಪತ್ರವೂ ಹಾಗೇ ಇದೆ. ಬರುವ ಸೋಮವಾರ ಹತ್ತೂವರೆಗೆ ಪಾಂಡವಪುರದಲ್ಲಿ ಸದಸ್ಯರ ಸಭೆ ಕೂತು ಅವಳನ್ನು ಉಳಿಸುವುದೋ ಕಳಿಸುವುದೋ ತೀರ್ಮಾನಿಸುತ್ತದೆ. ವಾರ್ಷಿಕ ಸಭೆಯಲ್ಲಿ ಚಪ್ಪಾಳೆ ತಟ್ಟಿದ ಕೈಗಳು ನಿಮ್ಮವೇ. ದೊಡ್ಡತಾಯಮ್ಮ ಮೊದಲನೇ ಬಸ್ಸಿಗೇ ಹೊರಡುತ್ತಾರೆ. ನೀವೂ ಬನ್ನಿ. ಗೊಬ್ಬರದ ಚೀಟಿ ಹೊಡೆದುಕೊಟ್ಟವಳು ಈ ಹುಡುಗಿ ಅಂತ ಎದ್ದು ನಿಂತು ಹೇಳಿ, ಆ ಪತ್ರವನ್ನು ಹರಿದುಹಾಕಿಸಿ ಮನೆಗೆ ಹೋಗಿ.